ಪಟ್ಟಿಯಲ್ಲಿ 40 ಹೆಸರು, ಕೆಲಸಕ್ಕೆ 9 ಜನ: ಸೇವಾ ತಂಡದ ಹೊಣೆ ಹೊತ್ತವರಿಗೆ

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಒಂದು ಸೇವಾ ತಂಡದಲ್ಲಿದ್ದೇನೆ. ಒಂಟಿಯಾಗಿರುವ ವೃದ್ಧರನ್ನು ವಾರಕ್ಕೊಮ್ಮೆ ಮನೆಗೆ ಹೋಗಿ ಮಾತನಾಡಿಸಿ ಬರುವುದು, ಮಕ್ಕಳಿಗೆ ಸಂಜೆ ಪಾಠ, ವರ್ಷಕ್ಕೆ ಎರಡು ರಕ್ತದಾನ ಶಿಬಿರ, ಇಷ್ಟು ನಮ್ಮ ಕೆಲಸ. ಪಟ್ಟಿಯಲ್ಲಿ 40 ಹೆಸರಿದೆ, ಬರುವವರು ಒಂಬತ್ತು ಜನ. ತಂಡ ಕಟ್ಟಿದ ಹಿರಿಯರು ಆರೋಗ್ಯದ ಕಾರಣಕ್ಕೆ ಹಿಂದೆ ಸರಿದು ನನ್ನನ್ನು ಸಂಚಾಲಕಿ ಮಾಡಿ ಎಂಟು ತಿಂಗಳಾಯಿತು. ಯಾರಿಗೆ ಕೆಲಸ ಹಂಚಿದರೂ ಅರ್ಧಕ್ಕೆ ಬಿಡುತ್ತಾರೆ, ಕೊನೆಗೆ ರಾತ್ರಿ ಕೂತು ನಾನೇ ಮುಗಿಸುತ್ತೇನೆ. ಸಂಬಳ ಕೊಡುವುದಿಲ್ಲವಾದ್ದರಿಂದ ಗಟ್ಟಿಯಾಗಿ ಕೇಳಲು ಬಾಯಿ ಬರುವುದಿಲ್ಲ. ನನ್ನ ತೀರ್ಮಾನ ಇಷ್ಟವಾಗದವರು ನೇರ ಆ ಹಿರಿಯರ ಹತ್ತಿರ ಹೋಗಿ ಬದಲಾಯಿಸಿಕೊಂಡು ಬರುತ್ತಾರೆ. ನಾನು ಮಾತುಗಾರ್ತಿಯೂ ಅಲ್ಲ. ನಾಯಕತ್ವದ ಗುಣ ನನ್ನಲ್ಲಿ ಇಲ್ಲವೇನೋ. ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ‘ಗುಣ’ ಎಂಬ ಮಾತು ಕೊನೆಯಲ್ಲಿ ಒಮ್ಮೆ ಬರುತ್ತದೆ. ಅದಕ್ಕೆ ಮೊದಲು ನೀವು ಬರೆದಿರುವ ಪ್ರತಿಯೊಂದು ತೊಂದರೆಯೂ ಕೆಲಸ ಒಪ್ಪಿಸುವ ರೀತಿಗೆ ಮತ್ತು ಅಧಿಕಾರ ಕೈ ಬದಲಾದ ರೀತಿಗೆ ಸೇರಿದ್ದು. ಇವೆರಡನ್ನೂ ಕಲಿಯಬಹುದು, ಸರಿಪಡಿಸಬಹುದು. ಬಿಡಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ. ಈಗಲೇ ಬಿಟ್ಟರೆ ನಿಮ್ಮ ನಂತರ ಬರುವವರಿಗೂ ಇದೇ ಗಂಟು ಉಳಿಯುತ್ತದೆ.

ಮೊದಲು ಮಾತುಗಾರಿಕೆಯ ವಿಷಯ. ಸೇವಾ ತಂಡ ನಡೆಸುವವರು ಭಾಷಣ ಮಾಡಬಲ್ಲವರಾಗಿರಬೇಕು ಎಂಬ ನಂಬಿಕೆ ಗಟ್ಟಿಯಾಗಿದೆ. ಹೊಸಬರನ್ನು ಒಮ್ಮೆ ಕರೆತರಲು ಭಾಷಣ ಉಪಯೋಗಕ್ಕೆ ಬರುತ್ತದೆ, ನಿಜ. ಬಂದವರು ನಾಲ್ಕನೇ ವಾರವೂ ಬರಬೇಕಾದರೆ ಬೇರೆ ಸಂಗತಿಗಳು ಬೇಕು: ತಮ್ಮ ಕೆಲಸ ಯಾವುದು ಎಂದು ಅವರಿಗೆ ಗೊತ್ತಿರಬೇಕು, ಬಂದಾಗ ಬಾಗಿಲು ತೆರೆದಿರಬೇಕು, ಬಾರದಿದ್ದರೆ ಯಾರಾದರೂ ವಿಚಾರಿಸಬೇಕು. ಮೂರೂ ಸದ್ದಿಲ್ಲದ ಕೆಲಸಗಳೇ. ಹನ್ನೊಂದು ವರ್ಷ ವೃದ್ಧರ ಮಾತು ಕೇಳಿಸಿಕೊಂಡು ಬಂದವರಿಗೆ ಇವು ಕಷ್ಟವಾಗಬಾರದು.

ಇನ್ನೊಂದು ನಂಬಿಕೆ, ‘ಸಂಬಳ ಇಲ್ಲದವರನ್ನು ಕೇಳುವಂತಿಲ್ಲ’ ಎಂಬುದು. ಸಂಬಳ ಇಲ್ಲದವರನ್ನು ಹೆದರಿಸುವಂತಿಲ್ಲ, ಅಷ್ಟೇ. ಒಪ್ಪಿಕೊಂಡದ್ದು ಏನಾಯಿತು ಎಂದು ಕೇಳುವುದು ಬೆದರಿಕೆಯಲ್ಲ. ಹಾಗೆ ನೋಡಿದರೆ ಯಾರೂ ಕೇಳದಿದ್ದಾಗಲೇ ಜನಕ್ಕೆ ತಮ್ಮ ಕೆಲಸ ಯಾರಿಗೂ ಬೇಡವಾಗಿದೆ ಅನ್ನಿಸುವುದು. ಸಂಭಾವನೆಯನ್ನೋ ಬಹುಮಾನವನ್ನೋ ಕೊಟ್ಟರೆ ಸರಿಹೋದೀತು ಎಂದು ತಂಡದಲ್ಲಿ ಯಾರಾದರೂ ಸಲಹೆ ಕೊಟ್ಟರೆ ಸ್ವಲ್ಪ ತಡೆಯಿರಿ. ಮನೋವಿಜ್ಞಾನಿ ಎಡ್ವರ್ಡ್ ಡೀಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದೇ ಒಗಟಿನತ್ತ ಮೊದಲಿಗಿಂತ ಕಡಿಮೆ ಒಲವು ತೋರಿಸಿದರು. ಖುಷಿಗೆ ಮಾಡುತ್ತಿದ್ದುದಕ್ಕೆ ಬೆಲೆ ಕಟ್ಟಿದರೆ ಖುಷಿ ಹಿಂದೆ ಸರಿಯುವುದುಂಟು. ಓಡಾಟದ ಖರ್ಚು, ಫೋನಿನ ಖರ್ಚು ತುಂಬಿಕೊಡುವುದು ಇದಕ್ಕೆ ಸೇರುವುದಿಲ್ಲ. ಅದನ್ನು ಕೇಳುವ ಮೊದಲೇ ಕೊಡಬೇಕು, ಯಾಕೆಂದರೆ ಕೈಯಿಂದ ಹಾಕಿ ಹಾಕಿ ಬೇಸತ್ತವರು ಕಾರಣ ಹೇಳದೆ ಬರುವುದು ನಿಲ್ಲಿಸುತ್ತಾರೆ.

‘ಯಾರಾದರೂ ಬರ್ತೀರಾ?’

ಹಂಚಿದ ಕೆಲಸ ಅರ್ಧಕ್ಕೆ ನಿಲ್ಲುವುದಕ್ಕೆ ಸೋಮಾರಿತನ ಕಾರಣವಾಗುವುದು ಅಪರೂಪ. ನಿಮ್ಮ ತಂಡದ ವಾಟ್ಸಾಪ್ ಗುಂಪಿನಲ್ಲಿ ಕಳೆದ ತಿಂಗಳು ನೀವು ಹಾಕಿದ ಸಂದೇಶಗಳನ್ನು ತೆಗೆದು ನೋಡಿ. ‘ಭಾನುವಾರದ ಶಿಬಿರಕ್ಕೆ ಯಾರಾದರೂ ಬರ್ತೀರಾ?’, ‘ಸ್ವಲ್ಪ ಎಲ್ಲರೂ ಕೈಜೋಡಿಸಿ’ ಎಂಬಂಥವು ಎಷ್ಟಿವೆ, ಒಬ್ಬರ ಹೆಸರು, ಒಂದು ಕೆಲಸ, ಒಂದು ಗಂಟೆ ಇರುವಂಥವು ಎಷ್ಟಿವೆ ಎಂದು ಎಣಿಸಿ. ಮೊದಲನೆಯ ಬಗೆಯದೇ ಹೆಚ್ಚಿದ್ದರೆ ತೊಂದರೆಯ ಮುಕ್ಕಾಲು ಪಾಲು ಅಲ್ಲೇ ಇದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಧ್ವನಿಯಂತ್ರದ ಮೂಲಕ ಯಾರೋ ಮೂರ್ಛೆ ಬಂದು ನರಳುವ ಸದ್ದು ಕೇಳಿಸಿದರು. ತಾನೊಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ ಶೇ 85ರಷ್ಟು ಜನ ಆ ಸದ್ದು ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇ 31. ಇವರೆಲ್ಲ ಒಂದೇ ಬಗೆಯ ಜನ, ಹೃದಯವೇನೂ ಬೇರೆಯಲ್ಲ; ‘ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ’ ಎಂಬ ಎಣಿಕೆ ನಡುವೆ ಬಂತು. ನಾಲ್ವರಿದ್ದರೇ ಹೀಗೆ. ನಿಮ್ಮ ಗುಂಪಿನಲ್ಲಿ 40 ಜನ ಇದ್ದಾರೆ.

ಇದಕ್ಕಿಂತ ಹಳೆಯ ಅಧ್ಯಯನವೂ ಒಂದಿದೆ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ 1913ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಎಂಟು ಜನ ಸೇರಿ ಎಳೆಯುವಾಗ ಒಬ್ಬೊಬ್ಬರೂ ಒಂಟಿಯಾಗಿ ಹಾಕಬಲ್ಲ ಬಲದ ಸುಮಾರು ಅರ್ಧದಷ್ಟನ್ನೇ ಹಾಕಿದರು. ಒಂದಷ್ಟು ನಷ್ಟ ಹೊಂದಾಣಿಕೆ ಸಾಲದೆ, ಮತ್ತೊಂದಷ್ಟು ತಾನು ಎಳೆದದ್ದು ಯಾರಿಗೂ ಕಾಣುವುದಿಲ್ಲ ಎಂಬುದರಿಂದ. ಒಬ್ಬೊಬ್ಬರ ಪಾಲು ಪ್ರತ್ಯೇಕವಾಗಿ ಗುರುತಿಗೆ ಸಿಗುವಂತೆ ಮಾಡಿದರೆ ಈ ಸಡಿಲಿಕೆ ಇಲ್ಲವಾಗುತ್ತದೆ ಎಂದು 1981ರ ಪ್ರಯೋಗಗಳು ತೋರಿಸಿದವು. ನಿಮಗೆ ಬೇಕಾದ ಮದ್ದು ಇದೇ. ‘ಎಲ್ಲರೂ’ ಎಂಬ ಶಬ್ದವನ್ನು ಮೂರು ತಿಂಗಳು ಕೈಬಿಡಿ.

ಹೆಸರು ಹಿಡಿದು ಕೆಲಸ ಒಪ್ಪಿಸುವಾಗ ಐದು ಸಂಗತಿ ಬಾಯಲ್ಲೂ ಬರಬೇಕು, ಆಮೇಲೆ ಒಂದು ಸಂದೇಶದಲ್ಲೂ ಹೋಗಬೇಕು: ಕೊನೆಗೆ ಏನು ಆಗಿರಬೇಕು, ಯಾವ ದಿನ ಎಷ್ಟು ಹೊತ್ತಿಗೆ, ಎಷ್ಟು ಹಣ ಖರ್ಚು ಮಾಡಬಹುದು, ಯಾವುದನ್ನು ನನ್ನನ್ನು ಕೇಳದೆ ತೀರ್ಮಾನಿಸಬಹುದು, ಯಾವುದು ಎದುರಾದರೆ ತಕ್ಷಣ ನನಗೆ ತಿಳಿಸಬೇಕು. ಶಿಬಿರದ ಉದಾಹರಣೆ ತೆಗೆದುಕೊಂಡರೆ, ‘ದಾನಿಗಳ ಜವಾಬ್ದಾರಿ ನಿನ್ನದು’ ಎಂದರೆ ಏನೂ ಒಪ್ಪಿಸಿದಂತಾಗಲಿಲ್ಲ. ‘ಹಿಂದಿನ ಶಿಬಿರದ ದಾನಿಗಳ ಪಟ್ಟಿ ಕಳಿಸಿದ್ದೇನೆ. ಬುಧವಾರ ಸಂಜೆಯೊಳಗೆ ಎಲ್ಲರಿಗೂ ಫೋನ್ ಮಾಡಿ, ಬರುತ್ತೇನೆ ಅಂದವರನ್ನು ಅರ್ಧ ಗಂಟೆಗೆ ಆರು ಜನರಂತೆ ಹೊಂದಿಸು. ಸಮಯ ಆಚೀಚೆ ಮಾಡುವುದು ನಿನಗೆ ಬಿಟ್ಟದ್ದು. ಇತ್ತೀಚೆಗೆ ಔಷಧಿ ತೆಗೆದುಕೊಂಡಿದ್ದೇನೆ ಅಂದವರಿಗೆ ನೀನೇ ಏನೂ ಹೇಳಬೇಡ, ರಕ್ತನಿಧಿಯವರನ್ನು ಕೇಳೋಣ’ ಎಂದರೆ ಅದು ಕೆಲಸ. ಹೇಳಲು ಎರಡು ನಿಮಿಷ ಹೆಚ್ಚು ಬೇಕು, ಆದರೆ ನಿಮ್ಮ ಒಂದು ರಾತ್ರಿ ಉಳಿಯುತ್ತದೆ.

ನಾಲ್ಕನೆಯದು, ಅಂದರೆ ಕೇಳದೆ ತೀರ್ಮಾನಿಸಬಹುದಾದ ಭಾಗವನ್ನು ಹೆಚ್ಚಿನವರು ಹೇಳುವುದೇ ಇಲ್ಲ. ಅದನ್ನು ಹೇಳದಿದ್ದರೆ ಸಂಕೋಚದವರು ಪ್ರತಿ ಹೆಜ್ಜೆಗೂ ಫೋನ್ ಮಾಡುತ್ತಾರೆ, ಧೈರ್ಯದವರು ಮಾಡಬಾರದ್ದನ್ನೂ ಮಾಡಿಬಿಡುತ್ತಾರೆ. ಎರಡೂ ಸಲ ನಾವು ಬೈದುಕೊಳ್ಳುವುದು ಅವರನ್ನೇ.

ಹೊಸ ಕೆಲಸವಾದರೆ ಮೂರು ಸುತ್ತು ಬೇಕು: ಒಮ್ಮೆ ನೀವು ಮಾಡುವಾಗ ಅವರು ಜೊತೆಗಿರಲಿ, ಎರಡನೇ ಸಲ ಅವರು ಮಾಡಲಿ ನೀವು ಜೊತೆಗಿರಿ, ಮೂರನೇ ಸಲ ನೀವು ಹೋಗಬೇಡಿ, ಮುಗಿದ ಮೇಲೆ ಫೋನಿನಲ್ಲಿ ಕೇಳಿ. ಕೆಡುವುದು ಎರಡನೇ ಸುತ್ತಿನಲ್ಲಿ. ಅವರು ತಡವರಿಸುತ್ತಾರೆ, ‘ಇಲ್ಲಿ ಕೊಡು’ ಎಂದು ನಾವು ಕಿತ್ತುಕೊಳ್ಳುತ್ತೇವೆ. ಆವತ್ತಿನಿಂದ ಅವರಿಗೆ ಒಂದು ವಿಷಯ ಸ್ಪಷ್ಟ: ಅರ್ಧ ಮಾಡಿದರೆ ಸಾಕು, ಉಳಿದದ್ದನ್ನು ಅಕ್ಕ ಮಾಡುತ್ತಾರೆ. ರಾತ್ರಿ ಕೂತು ಮುಗಿಸುವ ನಿಮ್ಮ ಅಭ್ಯಾಸ ತಂಡಕ್ಕೆ ಕಲಿಸಿರುವುದೂ ಇದನ್ನೇ. ಹೇಳಲು ಕಹಿಯಾದ ಮಾತು, ಆದರೆ ನಿಷ್ಠೆಯಿಂದ ದುಡಿಯುವ ಸಂಚಾಲಕರಲ್ಲೇ ಇದು ಹೆಚ್ಚು.

ಹಾಗೆಂದು ಎಲ್ಲವನ್ನೂ ತಪ್ಪಲು ಬಿಡಲಾಗದು. ಫಲಕ ತಡವಾಗಿ ಬಂದರೆ ಬರಲಿ, ಪಾಠದ ಹಾಳೆಗಳ ಪ್ರತಿ ಕಡಿಮೆ ಬಿದ್ದರೆ ಬೀಳಲಿ, ಅದರಿಂದ ಕಲಿಯುತ್ತಾರೆ. ಮೂರು ಜಾಗದಲ್ಲಿ ಮಾತ್ರ ಸಡಿಲ ಬಿಡಬೇಡಿ. ಮಕ್ಕಳ ಪಾಠದ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದೇ. ವೃದ್ಧರ ಮನೆಗೆ ಇಬ್ಬಿಬ್ಬರು. ಅವರ ಹಣ, ಒಡವೆ, ಬ್ಯಾಂಕಿನ ಕಾಗದ ಮುಟ್ಟುವಂತಿಲ್ಲ, ಅವರೇ ಒತ್ತಾಯಿಸಿದರೂ. ದೇಣಿಗೆಗೆ ರಸೀದಿ, ಹಣ ಪಡೆದವರೇ ಲೆಕ್ಕ ಬರೆಯಬಾರದು, ಬ್ಯಾಂಕಿನಿಂದ ತೆಗೆಯಲು ಎರಡು ಸಹಿ, ತಿಂಗಳಿಗೊಮ್ಮೆ ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ‘ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಂಬಿಕೆ ಇರುವವರ ಮೇಲೆ ನಾಳೆ ಅಪವಾದ ಬಂದರೆ ಅವರನ್ನು ಕಾಯುವುದು ಈ ನಿಯಮವೇ ಎಂದು ಹೇಳಿ. ನಿಯಮ ನಿಮ್ಮಿಂದಲೇ ಶುರುವಾಗಲಿ.

ಪಟ್ಟಿಯ 31 ಜನ

ಪಟ್ಟಿ ನೋಡಿದಾಗೆಲ್ಲ ನಿಮಗೆ ಬೇಸರವಾಗುತ್ತದೆ ಅನ್ನಿಸುತ್ತದೆ. ಬಾರದವರೆಲ್ಲ ಕೈಕೊಟ್ಟವರಲ್ಲ. ಒಮ್ಮೆ ಬಂದು ಹೋದವರು, ಊರು ಬಿಟ್ಟವರು, ಮುಜುಗರಕ್ಕೆ ಹೆಸರು ಕೊಟ್ಟವರು, ಮೊದಲ ದಿನ ಬಂದಾಗ ಯಾರೂ ಮಾತನಾಡಿಸದೆ ಸುಮ್ಮನೆ ಹೋದವರು, ಎಲ್ಲ ಅಲ್ಲಿದ್ದಾರೆ. ದಿನಕ್ಕೆ ಇಬ್ಬರಂತೆ ಫೋನ್ ಮಾಡಿದರೆ ಮೂರು ವಾರದೊಳಗೆ ಪಟ್ಟಿ ಮುಗಿಯುತ್ತದೆ. ಕೇಳಬೇಕಾದದ್ದು ಇಷ್ಟೇ: ಈಗ ನಿಮಗೆ ಎಷ್ಟು ಬಿಡುವಿದೆ, ಯಾವ ಕೆಲಸ ಇಷ್ಟ, ಹಿಂದೆ ಬರುವುದು ನಿಂತದ್ದು ಯಾಕೆ. ಮೂರನೆಯ ಪ್ರಶ್ನೆಗೆ ಬರುವ ಉತ್ತರಕ್ಕೆ ಸಮಜಾಯಿಷಿ ಕೊಡಬೇಡಿ, ಬರೆದುಕೊಳ್ಳಿ. ‘ಬರಲಾಗುವುದಿಲ್ಲ’ ಅಂದವರಿಗೆ ಧನ್ಯವಾದ ಹೇಳಿ ಹೆಸರು ತೆಗೆಯಿರಿ. 40ರ ಸುಳ್ಳು ಪಟ್ಟಿಗಿಂತ 16ರ ನಿಜದ ಪಟ್ಟಿ ಇಟ್ಟುಕೊಂಡು ಯೋಜನೆ ಹಾಕುವುದು ಸುಲಭ.

ವಾರಕ್ಕೆ ಎರಡೇ ಗಂಟೆ ಇರುವವರಿಗೆ ಎರಡು ಗಂಟೆಯ ಕೆಲಸ ಕತ್ತರಿಸಿ ಕೊಡಿ, ಮತ್ತು ಅವಧಿ ಹೇಳಿ: ‘ಮೂರು ತಿಂಗಳು, ಆಮೇಲೆ ಬೇಕಾದರೆ ಮುಂದುವರಿಸಿ’. ಮುಗಿಯುವ ದಿನ ಇಲ್ಲದ ಕೆಲಸಕ್ಕೆ ಜನ ಹೆದರುತ್ತಾರೆ. ಬಿಡುವುದಕ್ಕೆ ಮರ್ಯಾದೆಯ ದಾರಿ ಇಲ್ಲದಿದ್ದರೆ ಫೋನ್ ಎತ್ತದಿರುವುದೇ ದಾರಿಯಾಗುತ್ತದೆ.

ತಂಡದ ಆಕಾರವನ್ನೂ ಸ್ವಲ್ಪ ನೋಡಿ. ಒಂಬತ್ತು ಜನರ ನಡುವೆ ಒಬ್ಬರಿಗೊಬ್ಬರು ಮಾತಾಡಬೇಕಾದರೆ 36 ಜೋಡಿಗಳಾಗುತ್ತವೆ, 40 ಜನರಾದರೆ 780. ಎಲ್ಲ ಮಾತೂ ನಿಮ್ಮ ಮೂಲಕವೇ ಹೋಗಬೇಕೆಂದರೆ ಅದು ನಡೆಯುವ ಮಾತಲ್ಲ. 1970ರ ಕ್ಯಾಲಿಫೋರ್ನಿಯಾ ಕಾಡ್ಗಿಚ್ಚಿನಲ್ಲಿ ಹಲವು ದಳಗಳು ಒಟ್ಟಿಗೆ ದುಡಿದು ಗೊಂದಲವಾದ ಮೇಲೆ ಅಲ್ಲಿ ರೂಪುಗೊಂಡ ತುರ್ತು ನಿರ್ವಹಣಾ ಪದ್ಧತಿಯಲ್ಲಿ ಒಂದು ನಿಯಮವಿದೆ: ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಹದ. ಬೆಂಕಿ ಆರಿಸುವವರಿಗೆ ಹೊಂದಿದ್ದು ನಿಮಗೂ ಹೊಂದುತ್ತದೆ. ಭೇಟಿ, ಪಾಠ, ಶಿಬಿರ, ಮೂರಕ್ಕೂ ಒಬ್ಬೊಬ್ಬ ಹೊಣೆಗಾರರನ್ನು ಗೊತ್ತುಮಾಡಿ, ಖಜಾಂಚಿಯನ್ನು ಸೇರಿಸಿ. ನಿಮ್ಮ ವಾರದ ಮಾತುಕತೆ ಈ ನಾಲ್ವರ ಜೊತೆ. ಉಳಿದವರು ನಿಮಗೆ ಫೋನ್ ಮಾಡಿದರೆ ಪ್ರೀತಿಯಿಂದ ಮಾತಾಡಿಸಿ, ತೀರ್ಮಾನಕ್ಕೆ ಮಾತ್ರ ಆಯಾ ಹೊಣೆಗಾರರ ಹತ್ತಿರ ಕಳಿಸಿ.

ಸಭೆ ತಿಂಗಳಿಗೊಂದು, ಒಂದು ಗಂಟೆ, ಮೂರೇ ವಿಷಯ, ಮೂರು ದಿನ ಮೊದಲು ಸೂಚನೆ. ನಡಾವಳಿ ಪುಸ್ತಕದಲ್ಲಿ ಯಾರು ಏನು ಅಂದರು ಎಂಬ ಪುರಾಣ ಬೇಡ. ಏನು, ಯಾರು, ಯಾವಾಗ, ಈ ಮೂರು ಅಂಕಣ ಸಾಕು. ಮುಂದಿನ ಸಭೆ ಆ ಪುಟ ಓದುವುದರಿಂದಲೇ ಶುರುವಾಗಬೇಕು. ಗಟ್ಟಿಯಾಗಿ ಕೇಳಲು ಬಾಯಿ ಬರುವುದಿಲ್ಲ ಅಂದಿರಲ್ಲ, ನಿಮ್ಮ ಬದಲು ಆ ಪುಟವೇ ಕೇಳುತ್ತದೆ.

ಅಷ್ಟಾದರೂ ಒಬ್ಬರು ಒಪ್ಪಿಕೊಂಡು ಮಾಡಲಿಲ್ಲ ಅಂತಿಟ್ಟುಕೊಳ್ಳಿ. ಕಾರಣವನ್ನು ಈ ಸಾಲಿನಲ್ಲಿ ಹುಡುಕಿ: ಸರಿಯಾಗಿ ಗೊತ್ತಿತ್ತೇ, ಮಾಡಲು ಬರುತ್ತಿತ್ತೇ, ಸಮಯ ಇತ್ತೇ, ಕೊನೆಗೆ ಮನಸ್ಸಿತ್ತೇ. ನಾವು ಸಾಮಾನ್ಯವಾಗಿ ಕೊನೆಯದರಿಂದ ಶುರುಮಾಡಿ ಸಂಬಂಧ ಕೆಡಿಸಿಕೊಳ್ಳುತ್ತೇವೆ. ಮನಸ್ಸೇ ಇಲ್ಲ ಎಂದಾದರೂ ಹೆಜ್ಜೆ ಹೆಜ್ಜೆಯಾಗಿ ಹೋಗಿ. ಮೊದಲು ನೀವಿಬ್ಬರೇ ಕೂತು ಮಾತು, ಆಮೇಲೆ ಚಿಕ್ಕ ಕೆಲಸಕ್ಕೆ ಬದಲಾವಣೆ, ಕೊನೆಗೆ ಹೊಣೆಯಿಂದ ಬಿಡುಗಡೆ. ನೀರು, ಹುಲ್ಲುಗಾವಲು, ಮೀನುಗಾರಿಕೆಯಂಥ ಹಂಚಿಕೆಯ ಸಂಪತ್ತನ್ನು ತಲೆಮಾರುಗಟ್ಟಲೆ ಕಾಪಾಡಿಕೊಂಡ ಸಮುದಾಯಗಳನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಗುರುತಿಸಿದ ಲಕ್ಷಣಗಳಲ್ಲಿ ಇದೂ ಒಂದು: ತಪ್ಪಿದವರಿಗೆ ಮೊದಲ ಸಲ ಹಗುರ ಶಿಕ್ಷೆ, ಮರುಕಳಿಸಿದರೆ ಏರಿಕೆ. ನಿಯಮಕ್ಕೆ ಒಳಪಡುವವರೇ ಆ ನಿಯಮ ಮಾಡುವುದರಲ್ಲೂ ಪಾಲುದಾರರಾಗಿರುವುದು ಇನ್ನೊಂದು. ಆದ್ದರಿಂದ ಮೇಲಿನ ಯಾವ ನಿಯಮವನ್ನೂ ನೀವು ಮನೆಯಲ್ಲಿ ಬರೆದು ತಂದು ಓದಬೇಡಿ, ಒಂಬತ್ತು ಜನರ ಮುಂದಿಟ್ಟು ತಿದ್ದಿಸಿಕೊಳ್ಳಿ.

ಸೇವೆ ಪಡೆಯುವವರನ್ನೂ ಕೇಳಬೇಕು, ಇದು ಬಹಳ ತಂಡಗಳಲ್ಲಿ ತಪ್ಪಿಹೋಗುತ್ತದೆ. ಕಾರ್ಯಕರ್ತರಿಗೆ ಅನುಕೂಲವೆಂದು ಸಂಜೆ ಏಳಕ್ಕೆ ಭೇಟಿ ಇಟ್ಟಿರುತ್ತೇವೆ. ವೃದ್ಧರಿಗೆ ಅದು ಮಲಗುವ ಹೊತ್ತು, ಬಂದವರನ್ನು ನೋಯಿಸಬಾರದೆಂದು ಸುಮ್ಮನಿರುತ್ತಾರೆ. ಆರು ತಿಂಗಳಿಗೊಮ್ಮೆ ‘ಯಾವುದನ್ನು ನಿಲ್ಲಿಸಿದರೆ ನಿಮಗೆ ಹಾಯೆನಿಸುತ್ತದೆ?’ ಎಂದು ಕೇಳಿ ನೋಡಿ. ‘ನಮ್ಮ ಸೇವೆ ಹೇಗಿದೆ?’ ಎಂದರೆ ಹೊಗಳಿಕೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಹಿರಿಯರ ವಿಷಯ

ಇದು ನಾಜೂಕಿನದು. ನಿಮ್ಮ ತೀರ್ಮಾನವನ್ನು ಅವರು ಬೇಕೆಂದೇ ತಿರುಗಿಸುತ್ತಿದ್ದಾರೆ ಎಂದುಕೊಳ್ಳುವ ಮೊದಲು ಅಧಿಕಾರ ನಿಜಕ್ಕೂ ಎಲ್ಲಿದೆ ನೋಡಿ. ಬ್ಯಾಂಕ್ ಖಾತೆಯಲ್ಲಿ ಸಹಿ ಯಾರದು? ಕೋಣೆಯ ಬೀಗದ ಕೈ ಯಾರ ಹತ್ತಿರ? ದಾನಿಗಳ ಫೋನ್ ನಂಬರು ಯಾರ ಮೊಬೈಲಿನಲ್ಲಿದೆ? ರಕ್ತನಿಧಿಯವರು ಯಾರಿಗೆ ಫೋನ್ ಮಾಡುತ್ತಾರೆ? ನಾಲ್ಕಕ್ಕೂ ಉತ್ತರ ಅವರೇ ಆದರೆ ನಿಮಗೆ ಬಂದದ್ದು ಹುದ್ದೆಯ ಹೆಸರು, ಹುದ್ದೆ ಇನ್ನೂ ಅವರ ಮನೆಯಲ್ಲೇ ಇದೆ. ಜನ ನೀರಿನ ಹಾಗೆ, ಹಳೆಯ ಕಾಲುವೆ ತೆರೆದಿರುವವರೆಗೆ ಅಲ್ಲಿಗೇ ಹರಿಯುತ್ತಾರೆ.

ಅವರನ್ನು ಒಬ್ಬರೇ ಹೋಗಿ ಕಾಣಿ. ದೂರು ಒಯ್ಯಬೇಡಿ, ಪಟ್ಟಿ ಒಯ್ಯಿರಿ. ‘ಸರ್, ಈ ನಾಲ್ಕನ್ನು ಈ ತಿಂಗಳು ನನ್ನ ಕೈಗೆ ದಾಟಿಸಿಕೊಡಿ. ದಾನಿಗಳಿಗೆ ನನ್ನ ಪರಿಚಯ ನೀವೇ ಮಾಡಿಸಿ, ನಾನಾಗಿ ಹೋದರೆ ಅವರು ನಂಬುವುದಿಲ್ಲ. ತಂಡದವರು ನಿಮ್ಮ ಹತ್ತಿರ ಬಂದರೆ ಕೇಳಿಸಿಕೊಳ್ಳಿ, ತೀರ್ಮಾನಕ್ಕೆ ನನ್ನ ಹತ್ತಿರ ಕಳಿಸಿ. ನಾನು ತಪ್ಪಿದ್ದೇನೆ ಅನ್ನಿಸಿದರೆ ನನಗೆ ಹೇಳಿ, ತಿದ್ದಿಕೊಳ್ಳುತ್ತೇನೆ. ಬದಲಾವಣೆಯನ್ನು ನಾನೇ ಪ್ರಕಟಿಸುತ್ತೇನೆ’. ಕೊನೆಯ ಮಾತು ಮುಖ್ಯ. ಅವರ ಸಲಹೆಗೆ ದಾರಿ ತೆರೆದಿರುತ್ತದೆ, ತಂಡಕ್ಕೆ ಕಾಣುವ ಬಾಯಿ ಮಾತ್ರ ಒಂದೇ. ಅವರಿಗೂ ಒಂದು ನಿಜವಾದ ಕೆಲಸ ಉಳಿಯಬೇಕು: ಹೊಸಬರಿಗೆ ತಂಡದ ಹಿನ್ನೆಲೆ ಹೇಳುವುದೋ, ಓಡಾಟ ಬೇಡದಿದ್ದರೆ ಫೋನಿನಲ್ಲೇ ಐದಾರು ವೃದ್ಧರನ್ನು ಮಾತಾಡಿಸುವುದೋ. ವರ್ಷಗಟ್ಟಲೆ ದಿನ ತುಂಬಿದ್ದ ಕೆಲಸ ಒಮ್ಮೆಲೇ ಖಾಲಿಯಾದರೆ ಯಾರಾದರೂ ಕೈ ಹಾಕುತ್ತಲೇ ಇರುತ್ತಾರೆ.

ಒಪ್ಪದಿದ್ದರೆ? ಇನ್ನೊಮ್ಮೆ ಕೇಳಿ, ಈ ಸಲ ಇಬ್ಬರೂ ಗೌರವಿಸುವ ಮತ್ತೊಬ್ಬರು ಜೊತೆಗಿರಲಿ. ಸಭೆಯಲ್ಲಿ ಎಲ್ಲರೆದುರು ಎತ್ತಬೇಡಿ. ಗೆದ್ದರೂ ತಂಡ ಎರಡಾಗುತ್ತದೆ.

ಇನ್ನು ಬಿಡುವ ಪ್ರಶ್ನೆ. ಮುಂದುವರಿಯುವುದಾದರೆ ಅವಧಿ ಗೊತ್ತುಮಾಡಿ ಮುಂದುವರಿಯಿರಿ, ಎರಡು ವರ್ಷ ಎನ್ನಿ. ಇದರ ಅಪಾಯವೆಂದರೆ ಕೊನೆಯ ಆರು ತಿಂಗಳಲ್ಲಿ ಎಲ್ಲರೂ ಮುಂದಿನವರ ಕಡೆ ನೋಡತೊಡಗುತ್ತಾರೆ, ಹಾಗಾಗಿ ಮುಂದಿನವರನ್ನು ಮೊದಲ ವರ್ಷದಲ್ಲೇ ಜೊತೆಗೆ ಎಳೆದುಕೊಳ್ಳಬೇಕು. ಇಬ್ಬರು ಸಹ-ಸಂಚಾಲಕರಾಗುವುದು ಇನ್ನೊಂದು ದಾರಿ. ಮಾತಾಡಬಲ್ಲ ಒಬ್ಬರು ಹೊರಗಿನದನ್ನು, ನೀವು ಒಳಗಿನದನ್ನು ನೋಡಿಕೊಳ್ಳಬಹುದು. ಹಣದ ಕೊನೆಯ ಮಾತು ಯಾರದ್ದು ಎಂದು ಮೊದಲೇ ಬರೆದಿಡದಿದ್ದರೆ ಇದು ಜಗಳಕ್ಕೆ ದಾರಿ. ಕೆಲಸ ಕುಗ್ಗಿಸುವುದು ಮೂರನೆಯದು. ಒಂಬತ್ತು ಜನಕ್ಕೆ ಮೂರು ಕೆಲಸ ಹೆಚ್ಚಾಯಿತು ಎನ್ನಿಸಿದರೆ ಶಿಬಿರವನ್ನು ವರ್ಷಕ್ಕೆ ಒಂದು ಮಾಡಿ. ಜನ ಆಡಿಕೊಳ್ಳುತ್ತಾರೆ, ನನಗೇನೋ ಇದು ಅವಮಾನ ಅನ್ನಿಸುವುದಿಲ್ಲ. ಆದರೆ ವೃದ್ಧರ ಭೇಟಿಯನ್ನು ಏಕಾಏಕಿ ನಿಲ್ಲಿಸಬೇಡಿ. ವಾರವಾರ ಕಾಯುವವರಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಹೇಳಿ, ಬದಲಿ ವ್ಯವಸ್ಥೆ ತೋರಿಸಿ ಕೈಬಿಡಬೇಕು. ಸಂಚಾಲಕಿ ಸ್ಥಾನ ಬಿಟ್ಟು ಕಾರ್ಯಕರ್ತೆಯಾಗಿ ಉಳಿಯುವುದೂ ಮರ್ಯಾದೆಯ ದಾರಿಯೇ. ಹಾಗೆ ಮಾಡುವುದಾದರೆ ಮೊದಲ ಮೂರು ತಿಂಗಳು ತಂಡದಿಂದ ದೂರವಿರಿ, ಇಲ್ಲದಿದ್ದರೆ ಹೊಸಬರ ಪಾಲಿಗೆ ನೀವೇ ಆ ‘ಹಿರಿಯರು’ ಆಗುತ್ತೀರಿ.

ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸುವ ಮೊದಲು, ನಾಲ್ವರು ಹೊಣೆಗಾರರನ್ನು ಗೊತ್ತುಮಾಡಿದ ಎರಡು ತಿಂಗಳ ನಂತರ, ಹದಿನೈದು ದಿನ ರಜೆ ಹಾಕಿ. ಶಿಬಿರ ಇಲ್ಲದ ಹದಿನೈದು ದಿನ ಆರಿಸಿಕೊಳ್ಳಿ, ವಾಟ್ಸಾಪ್ ಗುಂಪನ್ನೂ ನೋಡಬೇಡಿ. ಅಪಘಾತ, ಮಕ್ಕಳ ಅಥವಾ ವೃದ್ಧರ ಸುರಕ್ಷತೆ, ಹಣದ ದೂರು, ಈ ಮೂರಕ್ಕೆ ಮಾತ್ರ ಫೋನ್ ಮಾಡಿ ಎಂದು ಹೇಳಿ ಹೋಗಿ. ಮರಳಿ ಬಂದಾಗ ಏನೇನು ನಿಂತುಹೋಗಿದೆ ಎಂದು ಬರೆದುಕೊಳ್ಳಿ. ನಿಂತದ್ದೆಲ್ಲ ನೀವು ಇನ್ನೂ ಒಪ್ಪಿಸದೆ ಉಳಿಸಿಕೊಂಡಿರುವ ಕೆಲಸಗಳು; ಅಲ್ಲಿಂದ ಮತ್ತೆ ಮೂರು ಸುತ್ತಿನ ಲೆಕ್ಕ ಶುರುಮಾಡಿ. ಏನೂ ನಿಂತಿರದಿದ್ದರೆ, ಆಗ ಬಿಡುವುದಾದರೂ ನಿಶ್ಚಿಂತೆಯಿಂದ ಬಿಡಬಹುದು.